ಬಿಳಿಕಲ್ಲು ದಂಡೆಗೆ ಕಟ್ಟಿದ ದೋಣಿ

ದಡಕ್ಕೆಳೆದು ಮಗ್ಗುಲಾಗಿ ಮಲಗಿಸಿದ್ದ ದೋಣಿಯ ಹೊಟ್ಟೆಗೆ ಮುಖ ಕೊಟ್ಟು, ಮನೆ ಕೀಲಿಯ ತುದಿಯಿಂದ ಮಣ್ಣು ಕೆರೆಯುತ್ತಿದ್ದೆ. ಬಂದ ಮಣ್ಣು ಬಿಳಿಯಾಗಿತ್ತು. ಅಂಗೈಗೆ ಹಾಕಿಕೊಂಡು ಉಗುಳು ಬೆರೆಸಿ ತಿಕ್ಕಿದೆ. ಜಿಗುಟು ಜೇಡಿ.

"ಮೇಡಂ, ಅದು ಮಣ್ಣು. ನೀರಿದ್ದಲ್ಲಿ ಮಣ್ಣು ಇರುತ್ತೆ," ಎಂದ ಹಿಂದೆ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ತೀರ್ಥೇಶ್. ನನಗಿಂತ ಹದಿನೈದು ವರ್ಷ ಚಿಕ್ಕವನು. ಅವನನ್ನು ಕುರಿತು ಬರೆಯುವಾಗ ಏಕವಚನ, ಎದುರಿಗೆ ಬಹುವಚನ.

"ಈ ಕುರಿಮಡುವಿನಲ್ಲಿ ಇರೋದು ಕರಿ ಗೋಡು ಸಾರ್. ನಿಮ್ಮ ಬೂಟು ನೋಡ್ಕೊಳ್ಳಿ."

ಅವನು ನೋಡಿಕೊಂಡ. ಬೂಟು ಕಪ್ಪಗಿತ್ತು.

"ಆದ್ರೇನು?"

"ಈ ದೋಣಿ ಬೇರೆ ಕಡೆ ನೆಲ ಮುಟ್ಟಿದೆ. ಬಿಳಿ ಜೇಡಿ ಇರೋ ಕಡೆ. ಆಮೇಲೆ ಇಲ್ಲಿಗೆ ಬಂದಿದೆ."

ತೀರ್ಥೇಶ್ ಗಡಿಯಾರ ನೋಡಿದ. ನೋಡದೆ ಏನು ಮಾಡುತ್ತಾನೆ. ನಿನ್ನೆ ಸೋಮವಾರ ಬೆಳಿಗ್ಗೆ ಈ ದೋಣಿಯ ಒಡೆಯ ಸಿದ್ಧಲಿಂಗೇಶನ ಹೆಣ ಇದೇ ಕುರಿಮಡುವಿನ ಜೊಂಡಿನಲ್ಲಿ ಸಿಕ್ಕಿತ್ತು, ತಲೆಗೆ ಏಟು ಬಿದ್ದಿತ್ತು. ನಿನ್ನೆ ಸಂಜೆ ಕುರಿ ಸಾಕುವ ಮನೆಯ ನವೀನನನ್ನು ಠಾಣೆಗೆ ಎಳೆದೊಯ್ದಿದ್ದರು. ಇವತ್ತು ಐದು ಗಂಟೆಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರೆ ಮುಗಿಯಿತು. ಕೊಲೆ ಆರೋಪ ಹೊತ್ತವನು ಮತ್ತೆ ಯಾವಾಗ ಹೊರಗೆ ಬರುತ್ತಾನೋ ಯಾರಿಗೆ ಗೊತ್ತು. ಅವನ ತಾಯಿ ವರದಮ್ಮ ನನ್ನನ್ನು ಕರೆಸಿದ್ದು ಅದಕ್ಕೇ.

ನಾನು ಪೊಲೀಸಿನವಳಲ್ಲ. ಶಿಕಾರಿಪುರದ ಬಸ್‌ಸ್ಟ್ಯಾಂಡ್ ಎದುರು ಮಹಡಿ ಮೇಲೆ ಕೂರುವ ಪರವಾನಗಿ ಭೂಮಾಪಕಿ. ಇಪ್ಪತ್ತು ವರ್ಷ ಹದ್ದುಬಸ್ತು ಮಾಡಿ ಮಾಡಿ, ಬದು ಒತ್ತಿದವನು ಮಾತಾಡುವಾಗ ಕಣ್ಣು ಎತ್ತ ತಿರುಗಿಸುತ್ತಾನೆ ಎಂಬುದನ್ನು ಕಲಿತೆ. ಆ ವಿದ್ಯೆ ನಂಬಿ ಜನ ಬೇರೆ ತಂಟೆಗಳನ್ನೂ ತಂದು ಸುರಿಯತೊಡಗಿದರು. ಹೆಸರು ಸೌಂದರ್ಯ. ಇಟ್ಟವರು ಮುಖ ನೋಡಿ ಇಟ್ಟದ್ದಲ್ಲ.

"ಮೂತಿಯ ಬಳೆಯಲ್ಲಿ ಒಂದು ಹಗ್ಗದ ತುಂಡು. ಬಾಲದ ಬಳೆಯಲ್ಲಿ ಇನ್ನೊಂದು," ಎಂದು ತೋರಿಸಿದೆ. "ಎರಡನ್ನೂ ಕತ್ತರಿಸಿದ್ದಾರೆ. ಮಿಕ್ಕ ಅರ್ಧ ಹಗ್ಗಗಳೆಲ್ಲಿ? ಈ ದಡದಲ್ಲಿ ಯಾವ ಮರಕ್ಕೂ ಇಲ್ಲ."

"ನೀರಿಗೆ ಬಿದ್ದಿರಬಹುದು."

"ಮರಕ್ಕೆ ಕಟ್ಟಿದ ಗಂಟು ತಾನಾಗೇ ಬಿಚ್ಕೊಂಡು ನೀರಿಗೆ ಬೀಳಲ್ಲ."

ತೀರ್ಥೇಶ್ ಕೆಟ್ಟವನಲ್ಲ. ಅವಸರದವನು, ಅಷ್ಟೆ. ಟೋಪಿ ತೆಗೆದು ಹಣೆ ಒರೆಸಿಕೊಂಡ.

"ನೋಡಿ ಮೇಡಂ, ಹಗ್ಗ ಎಲ್ಲಿ ಬೇಕಾದ್ರೂ ಸಿಗಲಿ. ಉಣ್ಣೆ ಕತ್ತರಿ ಈ ದಡದಲ್ಲಿ ಸಿಕ್ಕಿದೆ. ಹಿಡಿಗೆ ಕೆಂಪು ಬಟ್ಟೆ ಸುತ್ತಿದೆ, ನವೀನನ ಮನೇದೇ. ಅವನೇ ಒಪ್ಕೊಂಡಿದಾನೆ, ನಮ್ಮದು ಅಂತ. ಹಗ್ಗ ಕತ್ತರಿಸ್ತೀನಿ ಅಂತ ಹೋಟ್ಲಲ್ಲಿ ಕೂಗಾಡಿದ್ದೂ ಅವನೇ. ಆ ಕತ್ತರೀನ ಇಲ್ಲಿಗೆ ತಂದೋರು ಬೇರೆ ಯಾರಾದ್ರೂ ಇದ್ರೆ ಹೆಸರು ಹೇಳಿ. ಹುಡುಗನ್ನ ಕೋರ್ಟಿಗೆ ಒಯ್ಯಲ್ಲ. ಬರೀ ಮಣ್ಣು ತೋರಿಸಿದ್ರೆ ನಾನೇನ್ ಮಾಡ್ಲಿ?"

ಸಿಟ್ಟು ಬಂತು. ಸರಿಯಾದ ಮಾತನ್ನು ಎದುರಿಗಿದ್ದವರು ಆಡಿದಾಗ ನನಗೆ ಸಿಟ್ಟು ಬರುತ್ತದೆ.

ಸ್ಕೂಟರ್ ಹತ್ತುವ ಮುಂಚೆ, ಠಾಣೆಯಲ್ಲಿ ಫೋನಿಗೆ ತೆಗೆದುಕೊಂಡಿದ್ದ ಸಿದ್ಧಲಿಂಗೇಶನ ನೋಟ್‌ಬುಕ್ಕಿನ ಫೋಟೊ ಇನ್ನೊಮ್ಮೆ ತೆರೆದೆ. ಇಪ್ಪತ್ತು ವರ್ಷ ಹಡಗಿನಲ್ಲಿ ದುಡಿದವನು ಅವನು. ಹೋದ ವರ್ಷ ಊರಿಗೆ ಬರುವಾಗ ಲಾರಿ ಮೇಲೆ ಒಂದು ಹಾಯಿದೋಣಿ ಹೇರಿಕೊಂಡು ಬಂದ. ಅಂಜನಾಪುರ ಜಲಾಶಯದ ನೀರಿನಲ್ಲಿ ಹಾಯಿ ಬಿಡುತ್ತಾನಂತೆ ಎಂದು ಪೇಟೆಯವರೆಲ್ಲ ನಕ್ಕರು. ಅವನು ನಗುವವರ ಕಡೆ ತಿರುಗಿಯೂ ನೋಡದೆ, ಎಂಟು ದಿನ ಬಿದಿರು ಗಳ ಹಿಡಿದು ಹಿನ್ನೀರಿನ ಮೂಲೆ ಮೂಲೆಯಲ್ಲಿ ಆಳ ನೋಡಿದ. ದೋಣಿ ಎಲ್ಲಿ ಕಟ್ಟಬೇಕು ಎಂದು.

ಅವನ ಅಕ್ಷರ ದುಂಡಗಿತ್ತು.

'ತೂಬಿನ ಹತ್ತಿರ: ಆಳ ಇದೆ, ಸೆಳೆತವೂ ಇದೆ. ಬೇಡ.

ಬಿಳಿಕಲ್ಲು ದಂಡೆ: ರಸ್ತೆಗೆ ಹತ್ತಿರ, ನೋಡಲು ಚಂದ. ಆದರೆ ತಳದಲ್ಲಿ ಜೇಡಿ, ಗಾಳಿಗೆ ಅಡ್ಡ ಏನೂ ಇಲ್ಲ. ನಾಲೆಗೆ ನೀರು ಬಿಟ್ಟ ದಿನ ದೋಣಿ ನೆಲಕ್ಕೆ ಕೂರುತ್ತದೆ. ಬೇಡವೇ ಬೇಡ.

ಕುರಿಮಡು: ಮೂರು ಕಡೆ ದಿಬ್ಬ. ಬೇಸಿಗೆಯಲ್ಲೂ ಎರಡಾಳು ನೀರು. ಇಲ್ಲೇ.'

ಅದರ ಕೆಳಗೆ ಗೆರೆ ಎಳೆದು: 'ಮೂತಿ ಮಾತ್ರ ಕಟ್ಟಬೇಕು. ಬಾಲ ಗಾಳಿಗೆ ತಿರುಗಲಿ. ಹಗ್ಗ ಸಡಿಲ ಇರಲಿ.'

ಜಗಳ ಹುಟ್ಟಿದ್ದೂ ಆ 'ಇಲ್ಲೇ' ಎಂಬಲ್ಲೇ. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ನೀರಿಗಿಳಿಸಿ ಈಜಿಸಿ ತೊಳೆಯುತ್ತಾರೆ. ಮೂರು ದಿನ ಒಣಗಿದ ಮೇಲೆ ಕತ್ತರಿ. ವರದಮ್ಮನ ಮನೆಯವರು ಅಜ್ಜನ ಕಾಲದಿಂದ ತೊಳೆಯುವುದು ಕುರಿಮಡುವಿನಲ್ಲಿ. ದೋಣಿಗೆ ಒದಗಿದ ಆಳವೇ ಕುರಿಗೂ ಬೇಕು. ಸಿದ್ಧಲಿಂಗೇಶ ಬಗ್ಗಲಿಲ್ಲ. ಇಪ್ಪತ್ತೆರಡು ವರ್ಷದ ನವೀನ ಹೋಟೆಲಿನಲ್ಲಿ ಹತ್ತು ಜನರ ಮುಂದೆ ಬಾಯಿಬಿಟ್ಟ.

ಆ ನೋಟ್‌ಬುಕ್ ಬರೆದವನು ತನ್ನ ದೋಣಿಯ ಬಾಲವನ್ನು ಯಾವ ಮರಕ್ಕೂ ಕಟ್ಟುವುದಿಲ್ಲ. ಬಿಳಿಕಲ್ಲು ದಂಡೆಗಂತೂ ಕಟ್ಟುವುದೇ ಇಲ್ಲ. ಹಾಗಿದ್ದರೆ ಕಟ್ಟಿದವರು ಯಾರು?

*

ಬಿಳಿಕಲ್ಲು ದಂಡೆಯಲ್ಲಿ ಎರಡು ಹೊಂಗೆಮರ. ಒಂದರಿಂದ ಇನ್ನೊಂದಕ್ಕೆ ಇಪ್ಪತ್ತು ಹೆಜ್ಜೆ. ಎರಡರ ಬುಡದಲ್ಲೂ ನೀಲಿ ನೈಲಾನ್ ಹಗ್ಗದ ತುಂಡು ನೇತಾಡುತ್ತಿತ್ತು.

ತಕ್ಷಣ ಬಿಚ್ಚಲಿಲ್ಲ. ಮೊದಲು ಫೋಟೊ, ಆಮೇಲೆ ಟೇಪು. ಹಗ್ಗವನ್ನು ಮರಕ್ಕೆ ಎರಡು ಸುತ್ತು ಹಾಕಿ, ನಡುವೆ ಒಂದು ಕೋಲು ಸಿಕ್ಕಿಸಿ, ತೊಗಟೆ ಸುಲಿಯುವ ಹಾಗೆ ತಿರುಚಿ ಬಿಗಿ ಮಾಡಿದ್ದರು. ಕೋಲು ಈಗಲೂ ಅಲ್ಲೇ ಇತ್ತು. ನೀರಿನಂಚಿನಿಂದ ಒಂದು ಗೇಣು ಮೇಲೆ ಹಸಿ ಜೇಡಿಯ ಪಟ್ಟಿ: ಭಾನುವಾರ ಸಂಜೆ ನಾಲೆಗೆ ನೀರು ಬಿಟ್ಟಿದ್ದರು, ಅಷ್ಟು ಇಳಿದಿತ್ತು.

ಈಗ ತಲೆಗೆ ಹೊಳೆಯಿತು. ನೀರು ಇಳಿದ ಹಾಗೆ ದೋಣಿ ಇಳಿಯಬೇಕು. ಎರಡೂ ತುದಿ ಬಿಗಿದ ದೋಣಿ ಎಲ್ಲಿಗೆ ಇಳಿದೀತು? ಹಗ್ಗ ಜಗ್ಗಿ ಜಗ್ಗಿ ಗಂಟು ಕಲ್ಲಾಗಿದೆ. ಬೆಳಿಗ್ಗೆ ಬಂದವರಿಗೆ ಬಿಚ್ಚಲು ಬಂದಿಲ್ಲ. ಸಿಟ್ಟಿಗೋ ದ್ವೇಷಕ್ಕೋ ಅಲ್ಲ, ಬೇರೆ ದಾರಿ ಇಲ್ಲದೆ ಕತ್ತರಿಸಿದ್ದಾರೆ.

ಬಿಳಿ ಕಾರೊಂದು ರಸ್ತೆ ಬಿಟ್ಟು ದಂಡೆಯ ಮೇಲೆಯೇ ಇಳಿದು ಬಂದು ನನ್ನ ಸ್ಕೂಟರಿಗೆ ತಾಗುವಷ್ಟರಲ್ಲಿ ನಿಂತಿತು. ಮಹೇಶ್ವರಪ್ಪ ಇಳಿದರು. ಸಿದ್ಧಲಿಂಗೇಶನ ಅಣ್ಣ, ಪೇಟೆಯಲ್ಲಿ ಮೆಕ್ಕೆಜೋಳ ಮತ್ತು ಅಕ್ಕಿಯ ದೊಡ್ಡ ವ್ಯಾಪಾರ. ನಿನ್ನೆಯಷ್ಟೇ ತಮ್ಮನನ್ನು ಮಣ್ಣು ಮಾಡಿದವರು, ಗಡ್ಡ ಹೆರೆದುಕೊಂಡಿರಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಏನ್ರೀ ಸೌಂದರ್ಯ ಮೇಡಂ, ಯಾರ ಜಮೀನು ಅಳೀತಿದ್ದೀರಿ?"

"ನೀರಿನದು, ಯಜಮಾನ್ರೆ."

"ನಿಮ್ಮಪ್ಪ ಮರ್ಯಾದಸ್ತ ಮನುಷ್ಯ. ಅವ್ರ ಮಗಳು ಕೊಲೆಗಾರನ ಕಡೆ ನಿಂತಾಳೆ ಅಂತ ಪೇಟ್ಯಾಗೆ ಮಾತಾಡ್ತಾರೆ. ನನಗೇ ನಾಚ್ಕಿ ಆಗ್ತೈತಿ."

"ನನಗೆ ಆಗ್ತಿಲ್ಲ."

"ನಾಳೆಯಿಂದ ಒಬ್ಬನೂ ನಿಮ್ಮ ಮೆಟ್ಲು ಹತ್ತಬಾರ್ದು, ಹಂಗ್ ಮಾಡ್ತೀನಿ. ನಿಮ್ಮ ಲೈಸೆನ್ಸ್ ಉಳೀತೈತೋ ಇಲ್ವೋ ಅದನ್ನೂ ನೋಡ್ತೀನಿ."

"ಮಾಡ್ರಿ. ಅದಕ್ಕೂ ಮುಂಚೆ ಈ ಹಗ್ಗ ನೋಡ್ರಿ."

ಅವರು ನೋಡಲಿಲ್ಲ. ಬದು ಒತ್ತಿದವನೂ ಹೀಗೇ, ಕಲ್ಲು ಕಿತ್ತ ಜಾಗವೊಂದನ್ನು ಬಿಟ್ಟು ಊರೆಲ್ಲ ನೋಡುತ್ತಾನೆ. ಮಹೇಶ್ವರಪ್ಪ ನೀರು ನೋಡಿದರು, ಕಾರು ನೋಡಿದರು, ನನ್ನ ಚಪ್ಪಲಿ ನೋಡಿದರು.

"ನೋಡಕ್ಕೇನೈತಿ ಅದ್ರಾಗೆ?"

"ಕುರಿ ಕಟ್ಟೋರು ಹಗ್ಗ ಸಡಿಲ ಬಿಡ್ತಾರೆ. ಕುರಿ ಮಲಗಬೇಕಲ್ಲ. ನಿಮ್ಮ ತಮ್ಮನೂ ಸಡಿಲ ಬಿಡ್ತಿದ್ದ, ನೀರು ಏರ್ತದೆ ಇಳೀತದೆ ಅಂತ. ಇಷ್ಟು ಬಿಗಿಯಾಗಿ, ನಡುವೆ ಕೋಲು ಹಾಕಿ ತಿರುಚಿ ಕಟ್ಟೋರು ಯಾರು ಯಜಮಾನ್ರೆ? ಲಾರಿ ಮೇಲೆ ಚೀಲ ಹೇರೋರು. ಲೋಡು ಅಲ್ಲಾಡಬಾರ್ದು ಅಂತ."

"ಶಿಕಾರಿಪುರದಾಗೆ ಲಾರಿ ಲೋಡು ಮಾಡೋರು ನೂರು ಮಂದಿ."

"ಸಿದ್ಧಲಿಂಗೇಶನ ದೋಣಿಗೆ ಕೈ ಹಾಕೋ ಧೈರ್ಯ ಇರೋರು ಎಷ್ಟು ಮಂದಿ?"

ಅವರು ಒಂದು ಹೆಜ್ಜೆ ಮುಂದೆ ಬಂದರು. ಎತ್ತರದ ಆಳು. ನಾನು ಹಿಂದೆ ಸರಿಯಲಿಲ್ಲ, ಹಿಂದೆ ನೀರಿತ್ತು.

"ಅವ್ನು ನನ್ನ ತಮ್ಮ. ನನ್ನ ಬೆನ್ನ ಮೇಲೆ ಹೊತ್ತು ಬೆಳ್ಸಿದೀನಿ. ನಾನು ಕೊಂದೆ ಅಂತೀರೇನು?"

"ನೀವು ಕಟ್ಟಿದ್ರಿ ಅಂತೀನಿ. ಅಷ್ಟೇ."

"ನಾಲಿಗೆ ಬಿಗಿ ಹಿಡೀರಿ."

"ಹಿಡಿದ್ರೆ ಐದು ಗಂಟೆಗೆ ಇಪ್ಪತ್ತೆರಡು ವರ್ಷದ ಹುಡುಗ ಜೈಲಿಗೆ ಹೋಗ್ತಾನೆ. ನಿಮಗೆ ಗೊತ್ತಿದ್ದೂ ಹೋಗ್ತಾನೆ. ಅದಕ್ಕೆ ನಾಚ್ಕೆ ಆಗಲ್ವೇನ್ರಿ?"

ಆ ಮಾತು ನಾಟಿತು. ಮಹೇಶ್ವರಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಆಮೇಲೆ ಕಾರಿನ ಬಾನೆಟ್ಟಿಗೆ ಒರಗಿಕೊಂಡರು. ಮೊದಲ ಸಲ ಹೊಂಗೆಮರ ನೋಡಿದರು.

"ನಾನೇ ಕಟ್ಟಿದ್ದು," ಅಂದರು. "ಭಾನುವಾರ ಸಂಜಿ ಐದಕ್ಕೆ. ಗೋದಾಮಿನ ಇಬ್ರು ಹಮಾಲರನ್ನ ಕರ್ಕೊಂಡು ಬಂದು ಕುರಿಮಡುವಿಂದ ಇಲ್ಲಿಗೆ ಎಳಸಿದೆ. ಸಿದ್ದುಗೆ ಹೇಳ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೇಳ್ತಿದ್ನಾ? ಆ ದೋಣಿ ಬಂದಾಗಿಂದ ಮನಿಯಾಗೆ ನನ್ನ ಮಾತಿಗೆ ಕಿಮ್ಮತ್ತಿರ್ಲಿಲ್ಲ. ಒಂದ್ ದಿನಾನಾದ್ರೂ ಅಣ್ಣ ಹೇಳಿದ ಜಾಗದಾಗೆ ಇರ್ಲಿ ಅನ್ನಿಸ್ತು. ನಾನೇ ನಿಂತು ಬಿಗಿ ಮಾಡಿಸ್ದೆ. ಗಾಳಿಗೆ ಹೋಗಬಾರ್ದು ಅಂತ." ಅಂಗೈಯಿಂದ ಮುಖ ಒರೆಸಿಕೊಂಡರು. "ಅವ್ನು ಬೆಳಿಗ್ಗೆ ಹುಡುಕ್ಕೊಂಡು ಬಂದಾನೆ. ನನ್ನ ಗಂಟು ಬಿಚ್ಚಾಕೆ ಬಂದಿಲ್ಲ. ಕತ್ತರಿಸಿ, ಸಿಟ್ಟಿನಾಗೆ ಹಾಯಿ ಎಬ್ಬಿಸಿ ಕುರಿಮಡುವಿಗೆ ಹೊಂಟು, ಹಾಯಿಯ ಅಡ್ಡಕೋಲು ತಲಿಗೆ ಹೊಡ್ಸ್ಕೊಂಡು ಬಿದ್ದಾನೆ. ಇಷ್ಟೇ ಮೇಡಂ. ನನ್ನ ಗಂಟಿಗೇ ಅವ್ನು ಸತ್ತಿದ್ದು."

ಇಷ್ಟು ಹೊತ್ತು ಅವರ ಮೇಲಿದ್ದ ಕೋಪ ಅರ್ಧ ಇಳಿಯಿತು. ಇನ್ನರ್ಧ ಇಳಿಯಲಿಲ್ಲ. ತನ್ನ ಗಂಟಿನ ತಪ್ಪನ್ನು ಮರೆಸಲು ಇನ್ನೊಬ್ಬರ ಮಗನನ್ನು ಮುಂದೆ ನೂಕಿದ ಮನುಷ್ಯ ಅವರು.

"ಅವನೇ ಕತ್ತರಿಸಿದ್ರೆ ಕುರಿಯವರ ಕತ್ತರಿ ಅವನ ಕೈಗೆ ಹೇಗೆ ಬಂತು?"

ಅವರು ತಲೆ ಆಡಿಸಿದರು. "ಅದೊಂದು ನನಗೂ ಹರೀತಿಲ್ಲ."

"ಎಲ್ಲಾ ಬಿಟ್ಟು ಈ ದಂಡೆಗೇ ಯಾಕೆ ತಂದ್ರಿ? ದೋಣಿಗೆ ಇದು ಕೆಟ್ಟ ಜಾಗ."

"ನನಗೇನ್ ಗೊತ್ತು ಒಳ್ಳೇದು ಕೆಟ್ಟದ್ದು? ಆಕೀನೇ ತೋರ್ಸಿದ್ದು."

"ಯಾರು?"

ಮಹೇಶ್ವರಪ್ಪ ನನ್ನ ಮುಖವನ್ನೇ ನೋಡಿದರು. ಈ ಸಲ ಕಣ್ಣು ತಪ್ಪಿಸಲಿಲ್ಲ.

"ನಿಮ್ಮನ್ನ ಕರ್ಸಿದಾಕಿ. ವರದಮ್ಮ. ಭಾನುವಾರ ಮಧ್ಯಾಹ್ನ ಗೋದಾಮಿಗೆ ಬಂದು ಕೈ ಮುಗಿದ್ಲು. ನಾಳೆ ಬೆಳಿಗ್ಗೆ ಕುರಿ ತೊಳೀಬೇಕು, ಒಂದ್ ದಿನದ ಮಟ್ಟಿಗೆ ದೋಣಿ ಸರಿಸ್ರಿ, ಬಿಳಿಕಲ್ಲಿನಾಗೆ ಹೊಂಗೆಮರ ಅದಾವೆ, ಅಲ್ಲಿ ಕಟ್ರಿ ಅಂದ್ಲು. ನನ್ನ ತಮ್ಮ ನಿಮಗೆ ಮಾಡಿದ್ದು ಸಾಕು, ಸರಿಸ್ತೀನಿ ಹೋಗವ್ವ ಅಂದೆ."

ಹೇಳಿಕೆಯನ್ನು ಠಾಣೆಯಲ್ಲಿ ಬರೆದುಕೊಡುತ್ತೇನೆ ಎಂದು ಒಪ್ಪಿ ಅವರು ಕಾರು ಹತ್ತಿದರು. ಹೊರಟ ಮೇಲೆ ನಾನು ಹೊಂಗೆ ನೆರಳಿನಲ್ಲಿ ಕೂತುಬಿಟ್ಟೆ.

ಇವತ್ತು ಬೆಳಿಗ್ಗೆ ವರದಮ್ಮ ನನ್ನೆದುರು ಕೂತು ಹೇಳಿದ್ದನ್ನು ಸರ್ವೆ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ದೋಣಿಯನ್ನು ಶನಿವಾರದಿಂದ ನೋಡೇ ಇಲ್ಲ ಎಂದಿದ್ದಳು. ಕತ್ತರಿಯನ್ನು ಸಾಣೆಗೆಂದು ಶುಕ್ರವಾರ ತೊಗರ್ಸಿಯ ಕೆಂಪಪ್ಪನ ಕುಲುಮೆಗೆ ಕೊಟ್ಟಿದ್ದೆವು, ಅಲ್ಲಿಂದ ಯಾರೋ ಎಗರಿಸಿದ್ದಾರೆ ಎಂದಿದ್ದಳು. ಗಂಡ ಎಲ್ಲಿ ಎಂದದ್ದಕ್ಕೆ, ಶನಿವಾರವೇ ಮಂದೆ ಹೊಡೆದುಕೊಂಡು ಸೊರಬದ ಕಡೆ ಹೊಸಬಾಳೆಗೆ ಹೋಗಿದ್ದಾರೆ, ಅಲ್ಲಿ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಿದ್ದಾರೆ, ಫೋನು ಹತ್ತುವುದಿಲ್ಲ ಎಂದಿದ್ದಳು. ಗಂಡನ ಹೆಸರು ಕೇಳಿದೆ. ಹಳೇ ಪದ್ಧತಿಯ ಹೆಂಗಸು. ಬಾಯಿಬಿಟ್ಟು ಹೇಳಲಿಲ್ಲ, ಚೀಲದಿಂದ ರೇಷನ್ ಕಾರ್ಡ್ ತೆಗೆದು ಬೆರಳಿಟ್ಟು ತೋರಿಸಿದಳು. ಆ ನಾಚಿಕೆ ನೋಡಿ ನನಗೆ ಅವಳ ಮೇಲೆ ಅಕ್ಕರೆ ಹುಟ್ಟಿತ್ತು.

ಕುರಿಯೆಲ್ಲ ಶನಿವಾರವೇ ಹೊಸಬಾಳೆಗೆ ಹೋಗಿದ್ದರೆ ಸೋಮವಾರ ಬೆಳಿಗ್ಗೆ ಕುರಿಮಡುವಿನಲ್ಲಿ ಅವಳು ತೊಳೆಯಬೇಕಿದ್ದದ್ದು ಯಾವ ಕುರಿ?

ತೊಗರ್ಸಿಗೆ ಫೋನ್ ಮಾಡಿದೆ. ಬೆಳಿಗ್ಗೆಯಿಂದ ಎತ್ತದಿದ್ದ ಕೆಂಪಪ್ಪ ಈಗ ಎತ್ತಿದ. ತಿದಿಯ ಸದ್ದಿನ ನಡುವೆ ಕೂಗಿ ಮಾತಾಡಿದ.

"ಕತ್ತರಿ ಕಳುವಾಗಿಲ್ಲ ಮೇಡಂ, ಯಾರ್ ಹೇಳಿದ್ದು? ವರದಮ್ಮನೇ ಭಾನುವಾರ ಬೆಳಿಗ್ಗೆ ಬಂದು ಒಯ್ದಳಲ್ಲ. ಕುರೀನೇ ತೊಳ್ದಿಲ್ಲ, ಕತ್ತರಿಗೆ ಇಷ್ಟ್ಯಾಕವ್ವ ಅವಸರ ಅಂತ ನಾನೇ ಕೇಳಿದೆ."

"ಏನಂದ್ಲು?"

"ಏನೂ ಅನ್ಲಿಲ್ಲ."

*

ನಾಲ್ಕೂವರೆಗೆ ವರದಮ್ಮ ಠಾಣೆಯ ಎದುರಿನ ಬೇವಿನಮರದ ಕೆಳಗೆ ಕಾಯುತ್ತಿದ್ದಳು. ಮಡಿಲಲ್ಲಿ ಬಟ್ಟೆಗಂಟು, ಮಗನಿಗೆ ರೊಟ್ಟಿ. ಎರಡು ದಿನದಿಂದ ನಿದ್ದೆ ಇಲ್ಲದ ಮುಖ. ನನ್ನ ಸ್ಕೂಟರ್ ಕಂಡು ಎದ್ದು ನಿಂತಳು.

"ಏನಾದ್ರೂ ಸಿಕ್ತಾ ಅಕ್ಕೋರೆ?"

ಬೇಕೆಂದೇ ಒಂದೇ ಹಗ್ಗದ ತುಂಡು ತೆಗೆದು ತೋರಿಸಿದೆ. ಇನ್ನೊಂದು ಡಿಕ್ಕಿಯಲ್ಲೇ ಇತ್ತು. ಎಲ್ಲಿ ಸಿಕ್ಕಿತು ಎಂದೂ ಹೇಳಲಿಲ್ಲ.

ಅವಳು ಹಗ್ಗವನ್ನು ನೋಡಿದಳು. ಇದೇನು ಎಂದು ಕೇಳಲಿಲ್ಲ.

"ಆ ಕಡೆ ಮರದ್ದು ಸಿಗ್ಲಿಲ್ವಾ?" ಎಂದಳು.

ಬೆಳಿಗ್ಗೆಯಿಂದ ಅವಳಿಗಾಗಿ ಬಿಸಿಲಲ್ಲಿ ಅಲೆದಿದ್ದೆ, ಅವಳಿಗಾಗಿ ಜಗಳ ಕಾದಿದ್ದೆ. ದೋಣಿಯನ್ನು ಶನಿವಾರದಿಂದ ನೋಡೇ ಇಲ್ಲ ಎಂದವಳಿಗೆ ಎರಡನೆಯ ಮರದ ಸಂಗತಿ ಗೊತ್ತಿತ್ತು.

"ವರದಮ್ಮ, ಬಿಳಿಕಲ್ಲಿನಲ್ಲಿ ಎರಡು ಮರಕ್ಕೆ ಕಟ್ಟಿದ್ರು ಅಂತ ನಿಮಗೆ ಯಾರು ಹೇಳಿದ್ರು?"

ಅವಳು ಗಂಟನ್ನು ಇನ್ನಷ್ಟು ಅವಚಿಕೊಂಡಳು.

"ಮಹೇಶ್ವರಪ್ಪೋರ ಹತ್ರ ಹೋಗಿದ್ದು ಯಾಕೆ? ಕುರಿ ಊರಲ್ಲೇ ಇರ್ಲಿಲ್ಲ. ಕುರಿಮಡು ಖಾಲಿ ಬೇಕಾಗಿದ್ದು ಯಾರಿಗೆ?"

"ನನ್ ಮಗ ಏನೂ ಮಾಡಿಲ್ಲ ಅಕ್ಕೋರೆ. ಅದೊಂದು ದೇವರಾಣೆ ನಿಜ."

"ಉಳಿದದ್ದು?"

ಫೋನ್ ಬಡಿಯಿತು. ತೀರ್ಥೇಶ್. ಠಾಣೆಯ ಒಳಗಿನಿಂದಲೇ, ಕಿಟಕಿಯಲ್ಲಿ ನಮ್ಮಿಬ್ಬರನ್ನೂ ನೋಡುತ್ತ ಮಾತಾಡುತ್ತಿದ್ದ.

"ಮೇಡಂ, ಮಹೇಶ್ವರಪ್ಪೋರು ಬಂದು ಎಲ್ಲಾ ಬರ್ಸಿದಾರೆ. ಹಗ್ಗದ ಲೆಕ್ಕ ಸರಿಯಾಯ್ತು. ಕತ್ತರಿ? ಜೀಪು ಹೊರಡಿಸ್ಬೇಕು ನಾನು. ತಂದೋರ ಹೆಸರು ಸಿಕ್ತಾ?"

ಸಿಕ್ಕಿತ್ತು. ಎದುರಿಗೇ ನಿಂತಿತ್ತು, ಸವೆದ ಚಪ್ಪಲಿಯಲ್ಲಿ, ಮಗನ ರೊಟ್ಟಿ ಹಿಡಿದುಕೊಂಡು.

ವರದಮ್ಮ ಕೈ ಚಾಚಿದಳು. "ಕೊಡ್ರಿ ಅಕ್ಕೋರೆ. ನಾ ಹೇಳ್ತೀನಿ."

ಕೊಟ್ಟೆ. ಯಾಕೆ ಕೊಟ್ಟೆನೋ ಗೊತ್ತಿಲ್ಲ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಕಡೆ ತಿರುಗಿ ನಿಂತಳು.

"ಸಾರ್, ಕತ್ತರಿ ಒಯ್ದೋರ ಹೆಸರು ಬರ್ಕೊಳ್ರಿ," ಎಂದಳು. ಸ್ವಲ್ಪ ಹೊತ್ತು ತುಟಿ ಮಾತ್ರ ಅಲ್ಲಾಡಿತು, ದನಿ ಹೊರಡಲಿಲ್ಲ. "ಲೋಕಪ್ಪ."

ಅಲ್ಲಿ ಕೇಳಿಸಲಿಲ್ಲವೇನೋ. ಅವಳು ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದಳು.

"ಲೋಕಪ್ಪ. ನನ್ನ ಗಂಡ."

ರೇಷನ್ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸಿದ್ದ ಹೆಸರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಮೊದಲ ಸಲ ಅವಳ ಬಾಯಿಂದ ಬಂದಿತ್ತು, ಅದೂ ಪೊಲೀಸರ ಕಿವಿಗೆ. ಶನಿವಾರದಿಂದ ಹೊಸಬಾಳೆಯಲ್ಲಿ ಕುರಿ ಕಾಯುತ್ತಿರುವ ಆ ಮನುಷ್ಯನಿಗೆ ಇದೊಂದೂ ಗೊತ್ತಿಲ್ಲ. ಕುಲುಮೆಯಿಂದ ಕತ್ತರಿ ಒಯ್ದವಳು ಅವಳೇ ಎಂಬುದು ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿಲ್ಲ.

ಫೋನನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ಆ ಕಡೆ ತೀರ್ಥೇಶ್ ಕೇಳುತ್ತಿದ್ದ.

"ಮೇಡಂ, ಈಯಮ್ಮ ಹೇಳ್ತಿರೋದು ನಿಜಾನಾ? ನೀವು ವಿಚಾರಿಸಿರ್ತೀರಿ. ನೀವೊಂದು ಹೂಂ ಅನ್ನಿ, ಹುಡುಗನ್ನ ಈಗ್ಲೇ ಹೊರಗೆ ಕಳಿಸ್ತೀನಿ. ಹೊಸಬಾಳೆಗೆ ಜೀಪು ಹೊರಡುತ್ತೆ."

ಕಿಟಕಿಯಲ್ಲಿ ಅವನ ಪಕ್ಕ ನವೀನ ಬಂದು ನಿಂತಿದ್ದ. ನಾಲ್ಕೂ ಮುಕ್ಕಾಲಾಗಿತ್ತು. ವರದಮ್ಮ ಮಗನ ಕಡೆ ನೋಡಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದಳು.